ಬ್ರೇಕಿನೊಳಗಿನ ಗಾಳಿ

ಕಶೇಡಿ ಘಾಟಿ ಇಳಿಯುವಾಗ ಒಮ್ಮೆ ನನ್ನ ಬ್ರೇಕ್ ಪೆಡಲು ಮೆತ್ತಗೆ ನೆಲ ಮುಟ್ಟಿತು. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು ಹೇಗೋ ನಿಲ್ಲಿಸಿದೆ. ಬ್ರೇಕ್ ಆಯಿಲ್ ತೇವ ಹೀರುತ್ತದೆ; ಬಿಸಿಯಾದಾಗ ಆ ನೀರು ಆವಿಯಾಗುತ್ತದೆ. ದ್ರವದಂತಲ್ಲ ಆವಿ, ಒತ್ತಿದರೆ ಕುಗ್ಗುತ್ತದೆ.

ಆಮೇಲೆ ಸೀವುಡ್ಸ್‌ನ ನಮ್ಮ ಸೊಸೈಟಿ ಪಾರ್ಕಿಂಗ್‌ನಲ್ಲಿ ಮಾವ ಪಾಠ ಮಾಡಿದರು. ಅವರು ಮುಂಬಯಿಯಲ್ಲಿ ಪದ್ಮಿನಿ ಟ್ಯಾಕ್ಸಿ ಓಡಿಸಿದವರು. "ಒತ್ತಿ ಹಿಡಿ, ನಾನು ಹೇಳುವವರೆಗೆ ಬಿಡಬೇಡ ಮಾರಾಯ!" ನಿಪ್ಪಲ್ ಸಡಿಲಿಸಿದರೆ ಪೈಪಿನಲ್ಲಿ ಗುಳ್ಳೆಗಳು. ಅದು ಬಿಗಿಯಾದ ಮೇಲೆಯೇ ಕಾಲು ತೆಗೆಯಬೇಕು, ಇಲ್ಲವಾದರೆ ಗಾಳಿ ವಾಪಸ್ಸು.

ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕು ಬಂದದ್ದು 1921ರ ಡ್ಯೂಸೆನ್‌ಬರ್ಗ್ ಕಾರಿನಲ್ಲಿ. ಅದಕ್ಕೆ ಮೊದಲು ಸರಳು, ಕೇಬಲ್ಲುಗಳೇ. ಮಾವನ ಪದ್ಮಿನಿ ಕುರ್ಲಾದಲ್ಲಿ ಹುಟ್ಟಿದ್ದು. ಪ್ರೀಮಿಯರ್ ಆಟೋಮೊಬೈಲ್ಸ್ ಕಟ್ಟಿದ ವಾಲಚಂದ್ ಹಿರಾಚಂದ್ ನಮ್ಮ ಗಡಿಯ ಸೊಲ್ಲಾಪುರದವರು (ಮಾವನಿಗೆ ಇದೊಂದು ಹೆಮ್ಮೆ). ಕೊನೆಯ ಪದ್ಮಿನಿ ಟ್ಯಾಕ್ಸಿ 2003ರಲ್ಲಿ ನೋಂದಣಿಯಾಯಿತು. 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ 30ರಿಂದ ರಸ್ತೆಯಲ್ಲಿ ಒಂದೂ ಇಲ್ಲ.

ಆ ಸುದ್ದಿ ಓದಿ ಮಾವ ಪೇಪರು ಮಡಚಿದರು. "ನಿನ್ನ ಗಾಡಿಯ ಆಯಿಲ್ ಹಾಕಿ ಎರಡು ವರ್ಷ ಆಯಿತಲ್ಲ?" ಎಂದು ಕೇಳಿ ಪಾನಾ ಹುಡುಕಲು ಎದ್ದರು.