ಎಂಜಿನ್ ಬ್ಲಾಕ್ ಹೀಟರ್
ಕಡುಚಳಿಯಲ್ಲಿ ವಾಹನವನ್ನು ಚಾಲೂ ಮಾಡುವ ಮೊದಲು ಅದರ ಎಂಜಿನನ್ನು ಬೆಚ್ಚಗಾಗಿಸುವ ವಿದ್ಯುತ್ ಸಾಧನ. ಕೆನಡ, ಅಲಾಸ್ಕ ಮತ್ತು ನಾರ್ಡಿಕ್ ದೇಶಗಳಲ್ಲಿ ಇದರ ಬಳಕೆ ಹೆಚ್ಚು. ಅಮೆರಿಕದ ನಾರ್ತ್ ಡಕೋಟ ರಾಜ್ಯದ ಆಂಡ್ರ್ಯೂ ಫ್ರೀಮನ್, ಸಿಲಿಂಡರ್ ಹೆಡ್‌ನ ಬೋಲ್ಟಿನ ಜಾಗದಲ್ಲಿ ಕೂರುವ ಹೀಟರಿಗೆ 1949ರಲ್ಲಿ ಪೇಟೆಂಟ್ ಪಡೆದರು.

ಚಳಿಗೆ ಎಂಜಿನ್ ಆಯಿಲ್ ಮಂದವಾಗುತ್ತದೆ, ಬ್ಯಾಟರಿಯ ಬಲ ಕುಗ್ಗುತ್ತದೆ; ಹೀಗಾಗಿ ಎಂಜಿನ್ ಚಾಲೂ ಆಗುವುದು ಕಷ್ಟ. ಒತ್ತಿದ ಗಾಳಿಯ ಶಾಖದಿಂದಲೇ ಇಂಧನ ಹೊತ್ತಿಸುವ ಡೀಸೆಲ್ ಎಂಜಿನ್ನಿಗೆ ತೊಂದರೆ ಇನ್ನೂ ಹೆಚ್ಚು.

ಹೀಟರಿನ ಹಲವು ಬಗೆಗಳಲ್ಲಿ, ಎಂಜಿನನ್ನು ತಂಪಾಗಿಸುವ ದ್ರವವಾದ ಕೂಲಂಟಿನಲ್ಲಿ ಮುಳುಗಿರುವುದೇ ಹೆಚ್ಚು ಪರಿಣಾಮಕಾರಿ. ಎಂಜಿನ್ನಿನ ತಳದ ಆಯಿಲ್ ಸಂಪಿಗೆ ಅಂಟಿಸುವ ಪ್ಯಾಡ್ ಅಳವಡಿಸಲು ಸುಲಭ. ಕಾರುಗಳಿಗೆ ಸಾಮಾನ್ಯವಾಗಿ 400ರಿಂದ 1000 ವಾಟ್ ಸಾಕು. ಆಯ್ಕೆಯಲ್ಲಿ ವಾಟಿಗಿಂತ ಮುಖ್ಯವಾದದ್ದು ಆಯಾ ಎಂಜಿನ್ ಮಾದರಿಗೆ ಹೊಂದುವ ಅಳತೆ.

ಕೂಲಂಟಿನಲ್ಲಿ ಮುಳುಗುವ ಬಗೆಯನ್ನು ಅಳವಡಿಸಲು, ತಣ್ಣಗಿರುವ ಎಂಜಿನ್ನಿನಿಂದ ಕೂಲಂಟ್ ಬಸಿದು, ಬ್ಲಾಕಿನ ಲೋಹದ ಬಿರಡೆಯೊಂದನ್ನು ತೆಗೆದು, ರಂಧ್ರ ಶುಚಿಗೊಳಿಸಿ ಹೀಟರನ್ನು ಬಿಗಿಯುತ್ತಾರೆ. ಮತ್ತೆ ಕೂಲಂಟ್ ತುಂಬಿ, ಒಳಗೆ ಸಿಕ್ಕಿದ ಗಾಳಿಯನ್ನು ಪೂರ್ತಿ ಹೊರಬಿಟ್ಟು, ಸೋರಿಕೆ ಪರೀಕ್ಷಿಸಿದ ಮೇಲಷ್ಟೇ ವಿದ್ಯುತ್ ಕೊಡಬೇಕು; ದ್ರವದಲ್ಲಿ ಮುಳುಗದ ಹೀಟರ್ ಬೇಗ ಸುಟ್ಟುಹೋಗುತ್ತದೆ. ತಂತಿಯು ಎಕ್ಸಾಸ್ಟ್ ಕೊಳವೆ, ಫ್ಯಾನು, ಬೆಲ್ಟುಗಳಿಂದ ದೂರವಿರಬೇಕು. ಅರ್ತಿಂಗ್ ಇರುವ ಪ್ಲಗ್ ಕಡ್ಡಾಯ. ರಾತ್ರಿಯಿಡೀ ಉರಿಸುವ ಅಗತ್ಯವಿಲ್ಲದ ಕಾರಣ, ಹೊರಡುವ ಕೆಲವು ಗಂಟೆ ಮೊದಲು ಚಾಲೂ ಆಗುವಂತೆ ಟೈಮರ್ ಜೋಡಿಸುತ್ತಾರೆ.