ದಾಳಿಂಬದಿಂದ ಆಸ್ಪತ್ರೆಯ ದಾರಿ: ಮೂತ್ರಾಂಗ ಚಿಕಿತ್ಸೆಯ ಒಂದು ಗಡಿನಾಡ ಚರಿತ್ರೆ

ವೈದ್ಯಚರಿತ್ರೆಯ ಪುಸ್ತಕಗಳು ಬಹುಮಟ್ಟಿಗೆ ಶೋಧಗಳ ಚರಿತ್ರೆಗಳು. ಯಾವ ವರ್ಷ, ಯಾರು, ಎಲ್ಲಿ ಕಂಡುಹಿಡಿದರು ಎನ್ನುವಲ್ಲಿಗೆ ಅವು ಮುಗಿಯುತ್ತವೆ. ಆ ಶೋಧ ಒಂದು ಊರಿನ ರೋಗಿಯನ್ನು ಯಾವ ದಾರಿಯಿಂದ, ಎಷ್ಟು ತಡವಾಗಿ ಮುಟ್ಟಿತು ಎಂಬ ಪ್ರಶ್ನೆ ಹೊರಗೇ ಉಳಿಯುತ್ತದೆ. ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರ್ ಮತ್ತು ಮೂತ್ರಮಾರ್ಗದ ಗಾಯ, ಈ ಎರಡರ ಚಿಕಿತ್ಸೆಯ ಚರಿತ್ರೆಯನ್ನು ಮಹಾರಾಷ್ಟ್ರದ ಗಡಿಯ ಉಮರಗಾ ತಾಲೂಕಿನ ದಾಳಿಂಬ ಎಂಬ ಊರಿನಲ್ಲಿ ನಿಂತು ನೋಡುವುದು ಈ ಲೇಖನದ ಉದ್ದೇಶ. ಹಾಗೆ ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ: ಕ್ಯಾನ್ಸರಿನ ವಿಷಯದಲ್ಲಿ ಎಂಬತ್ತು ವರ್ಷಕ್ಕೂ ಹಳೆಯದಾದ, ಅತಿ ಅಗ್ಗದ ಶಸ್ತ್ರಕ್ರಿಯೆಯೇ ಇಲ್ಲಿನ ಬಡ ರೋಗಿಯ ನಿಜವಾದ ಆಸರೆ, ಗಾಯದ ವಿಷಯದಲ್ಲಿ ಔಷಧವಲ್ಲ, ನುರಿತ ಕೈ ಸಿಕ್ಕುವುದೇ ನಿರ್ಣಾಯಕ.

ಸೋಲಾಪುರ–ಹೈದರಾಬಾದ್ ಹೆದ್ದಾರಿಯ ಈ ಸೀಮೆಯಲ್ಲಿ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ಮರಾಠಿ. 1948ರವರೆಗೆ ಇದು ನಿಜಾಮರ ಆಳ್ವಿಕೆಯಲ್ಲಿತ್ತು. ಉದಗೀರ ಮತ್ತು ನಿಲಂಗಾ ತಾಲೂಕುಗಳಂತೂ 1956ರವರೆಗೆ ಬೀದರ ಜಿಲ್ಲೆಗೇ ಸೇರಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಮುಂಬಯಿ ರಾಜ್ಯಕ್ಕೆ, 1960ರಲ್ಲಿ ಮಹಾರಾಷ್ಟ್ರಕ್ಕೆ ಹೋದವು. ಗಡಿ ಸರಿದಂತೆ ರೋಗಿಯ ಸರ್ಕಾರಿ ದಾರಿಯೂ ಸರಿಯಿತು. ನಿಜಾಮರ ಕಾಲದಲ್ಲಿ ದೊಡ್ಡ ಆಸ್ಪತ್ರೆಯೆಂದರೆ ಹೈದರಾಬಾದು. ಅಲ್ಲಿನ ವೈದ್ಯಶಾಲೆ 1846ರಷ್ಟು ಹಳೆಯದು. ಮಂಪರಿಗೆ ಬಳಸುವ ಕ್ಲೋರೋಫಾರ್ಮ್‌ನ ಸುರಕ್ಷತೆ ಪರೀಕ್ಷಿಸಲು ಅಲ್ಲಿನ ಎಡ್ವರ್ಡ್ ಲಾರಿ 1888 ಮತ್ತು 1889ರಲ್ಲಿ ನಡೆಸಿದ ಆಯೋಗಗಳು ಲಂಡನ್ನಿನ ಪತ್ರಿಕೆಗಳವರೆಗೆ ಸುದ್ದಿಯಾಗಿದ್ದವು. ಪಶ್ಚಿಮಕ್ಕೆ ಬ್ರಿಟಿಷ್ ಸೋಲಾಪುರವಿತ್ತು. ಅದರಾಚೆ ಮಿರಜದಲ್ಲಿ ವಿಲಿಯಂ ವಾನ್ಲೆಸ್ 1894ರಲ್ಲಿ ತೆರೆದ ಮಿಶನ್ ಆಸ್ಪತ್ರೆಯಿತ್ತು.

ಆದರೆ ಮೂತ್ರಾಂಗದ ಶಸ್ತ್ರವಿದ್ಯೆ ನಮ್ಮ ನಾಡಿಗೆ ಹಡಗಿನಲ್ಲಿ ಬಂದದ್ದಲ್ಲ. ಸುಶ್ರುತ ಸಂಹಿತೆಯಲ್ಲಿ ಅಶ್ಮರಿ, ಎಂದರೆ ಮೂತ್ರಕೋಶದ ಕಲ್ಲು, ತೆಗೆಯುವ ಕ್ರಮ ವಿವರವಾಗಿದೆ. ಗುದದ ಮುಂದೆ, ಸೀವನಿಯಿಂದ, ಎಂದರೆ ನಡುವಿನ ಹೊಲಿಗೆಯಂಥ ಗೆರೆಯಿಂದ, ಒಂದು ಜವೆಗಾಳಿನಷ್ಟು ಎಡಕ್ಕೆ ಸರಿದು ಕೊಯ್ಯಬೇಕು. ಮೂತ್ರದ ಮತ್ತು ಶುಕ್ರದ ಮಾರ್ಗಗಳೂ ಸೇರಿ ಎಂಟು ಕಡೆ ಶಸ್ತ್ರ ತಗಲಬಾರದು. ಕೆಲಸಕ್ಕೆ ಕೈಹಾಕುವ ಮೊದಲು ಒಡೆಯನ ಅನುಮತಿ ಪಡೆಯಬೇಕು. ಏಳು ರಾತ್ರಿ ಕಳೆದರೂ ಮೂತ್ರ ತನ್ನ ದಾರಿಗೆ ಮರಳದಿದ್ದರೆ ಗಾಯವನ್ನು ಬೆಂಕಿಯಿಂದ ಸುಡಬೇಕೆಂಬ ಸೂಚನೆಯೂ ಇದೆ. ಶಸ್ತ್ರದಿಂದಲೇ ಆಗುವ ಮೂತ್ರಮಾರ್ಗದ ಗಾಯವನ್ನು ಗುರುತಿಸಿ, ಹೆಸರಿಸಿ, ಅದಕ್ಕೆ ಉಪಾಯ ಹೇಳಿದ ಇಷ್ಟು ಹಳೆಯ ಗ್ರಂಥಗಳು ಜಗತ್ತಿನಲ್ಲಿ ಬಹಳಿಲ್ಲ. ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಗಾಯದ ಹೊಣೆ ಶಸ್ತ್ರವೈದ್ಯನದೂ ಹೌದು ಎಂಬ ಅರಿವು ಅಲ್ಲಿದೆ, ಮುಂದಿನ ಮಾತಿಗೆ ಅದು ಬೇಕು.

ಈಗ ಪ್ರಾಸ್ಟೇಟಿಗೆ ಬರೋಣ. ಗಂಡಸರ ಮೂತ್ರಕೋಶದ ಕೊರಳಿಗೆ ಅಂಟಿಕೊಂಡ ಈ ಗ್ರಂಥಿಯ ಕ್ಯಾನ್ಸರನ್ನು 1853ರಲ್ಲಿ ಲಂಡನ್ನಿನ ಜೆ. ಆಡಮ್ಸ್ ವರದಿ ಮಾಡಿದಾಗ ಅದನ್ನು ಬಹಳ ಅಪರೂಪದ ರೋಗವೆಂದು ಕರೆದರು. ಅಪರೂಪವಾಗಿರಲಿಲ್ಲ, ಗುರುತು ಸಿಗುತ್ತಿರಲಿಲ್ಲ ಅಷ್ಟೆ. ಚಿಕಿತ್ಸೆಯ ಎಳೆ ಮಾತ್ರ ಇನ್ನೂ ಹಿಂದಕ್ಕೆ, ಕೊಟ್ಟಿಗೆಗೆ ಹೋಗುತ್ತದೆ. ಬೀಜ ಒಡೆದ ಪ್ರಾಣಿಗಳಲ್ಲಿ ಪ್ರಾಸ್ಟೇಟ್ ಚಿಕ್ಕದಾಗಿಯೇ ಉಳಿಯುತ್ತದೆ ಎಂಬುದನ್ನು ಹದಿನೆಂಟನೆಯ ಶತಮಾನದ ಜಾನ್ ಹಂಟರ್ ಗಮನಿಸಿದ್ದರು. ಉದಗೀರ ಭಾಗದ ದೇವಣಿ ತಳಿಯ ಹೋರಿಗಳನ್ನು ಬೀಜ ಒಡೆದು ಎತ್ತು ಮಾಡುವ ರೈತನಿಗೆ ಹಂಟರರ ಈ ಮಾತಿನ ಅರ್ಧ ಗೊತ್ತೇ ಇದೆ: ಬೀಜ ಹೋದರೆ ಗಂಡುಪ್ರಾಣಿಯ ಮೈಯ ಬೆಳವಣಿಗೆಯೇ ಬೇರೆಯಾಗುತ್ತದೆ.

ಉಳಿದರ್ಧವನ್ನು ಮನುಷ್ಯನಲ್ಲಿ ಸಾಬೀತು ಮಾಡಿದವರು ಶಿಕಾಗೋ ವಿಶ್ವವಿದ್ಯಾಲಯದ ಚಾರ್ಲ್ಸ್ ಹಗಿನ್ಸ್. 1941ರಲ್ಲಿ ಅವರು ಮತ್ತು ಕ್ಲಾರೆನ್ಸ್ ಹಾಡ್ಜಸ್, ವೃಷಣ ತೆಗೆದರೆ ಅಥವಾ ಈಸ್ಟ್ರೋಜನ್ ಕೊಟ್ಟರೆ ಎಲುಬಿಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಕುಗ್ಗುತ್ತದೆಂದು ತೋರಿಸಿದರು. ಶಸ್ತ್ರಕ್ರಿಯೆಯ ಫಲವನ್ನು ವಿವರಿಸಿದ ಅವರ ಪ್ರಬಂಧದಲ್ಲಿದ್ದವರು ಕೇವಲ 21 ರೋಗಿಗಳು. ರಕ್ತದ ಆಸಿಡ್ ಫಾಸ್ಫಟೇಸ್ ಅಳೆದು ರೋಗ ಇಳಿದದ್ದನ್ನು ಅಂಕಿಗಳಲ್ಲಿ ಕಾಣಿಸಿದ್ದು ಅವರ ಹೆಚ್ಚುಗಾರಿಕೆ. ಕ್ಯಾನ್ಸರ್ ಗಡ್ಡೆಯೂ ದೇಹದ ಹಾರ್ಮೋನಿನ ಮಾತು ಕೇಳುತ್ತದೆ ಎಂಬ ಈ ತಿಳಿವಳಿಕೆಗೆ 1966ರಲ್ಲಿ ನೊಬೆಲ್ ಬಂತು.

ಈ ಶಸ್ತ್ರಕ್ರಿಯೆಯನ್ನು ಹತ್ತಿರದಿಂದ ನೋಡಬೇಕು, ಅದರ ಬಾಳಿಕೆಯ ಕಾರಣ ಅಲ್ಲಿದೆ. ರೋಗಿಗೆ ಪೂರ್ತಿ ಮಂಪರು ಬೇಕಿಲ್ಲ. ವೃಷಣದ ಹುರಿಗೆ ಮರಗಟ್ಟಿಸುವ ಸೂಜಿಮದ್ದು ಸಾಕು. ಚೀಲದ ನಡುಗೆರೆಯಲ್ಲಿ ಒಂದು ಸಣ್ಣ ಕೊಯ್ತ. ಹುರಿಯನ್ನು ಬಿಗಿದು ಕಟ್ಟಿ, ಕತ್ತರಿಸಿ, ಎರಡೂ ಬದಿ ತೆಗೆದು ಹೊಲಿಗೆ. ಅರ್ಧ ಗಂಟೆಯ ಕೆಲಸ. ದೇಹದ ಟೆಸ್ಟೋಸ್ಟಿರಾನಿನ ಬಹುಪಾಲು ಅಲ್ಲೇ ಹುಟ್ಟುವುದರಿಂದ ರಕ್ತದಲ್ಲಿ ಅದು ಗಂಟೆಗಳಲ್ಲೇ ಕುಸಿಯುತ್ತದೆ. ‘ಟೊಂಕ ಹಿಡಿದಾದ’ ಎನ್ನುತ್ತ ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡು, ಕೊನೆಗೆ ಉಚ್ಚಿ ಕಟ್ಟಿ ಆಸ್ಪತ್ರೆಗೆ ಬಂದ ಮುದುಕನಿಗೆ ಕೆಲವೇ ದಿನಗಳಲ್ಲಿ ಎಲುಬಿನ ನೋವು ಇಳಿಯುತ್ತದೆ. ಬೆನ್ನುಹುರಿ ಒತ್ತಿಹೋಗಿ ಕಾಲು ಸೋಲುವ ಮೊದಲು ಬಂದಿದ್ದರೆ ಎದ್ದು ನಡೆಯುತ್ತಾನೆ. ಮತ್ತೆ ಮತ್ತೆ ಬರಬೇಕಾಗಿಲ್ಲ, ಔಷಧಿ ತಪ್ಪಿಸುವ ಪ್ರಶ್ನೆ ಇಲ್ಲ. ಗಂಡಸುತನದ ಅಂಜಿಕೆ ದೊಡ್ಡದು, ನಿಜ. ಅದನ್ನು ಹಗುರವಾಗಿ ಕಾಣಬಾರದು. ವೃಷಣದ ಒಳತಿರುಳನ್ನು ಮಾತ್ರ ತೆಗೆದು ಹೊರಕವಚ ಉಳಿಸುವ ಕ್ರಮವನ್ನು 1942ರಲ್ಲೇ ರೀಬಾ ಬರೆದದ್ದು ಈ ಅಂಜಿಕೆಯನ್ನು ಅರಿತೇ.

ಚುಚ್ಚುಮದ್ದಿನ ದಾರಿ ಆಮೇಲೆ ತೆರೆಯಿತು. ಮಿದುಳಿನಿಂದ ಹೊರಡುವ ಹಾರ್ಮೋನ್ ಆಜ್ಞೆಯ ರಚನೆ ಬಿಡಿಸಿದ್ದಕ್ಕೆ ಶ್ಯಾಲಿ ಮತ್ತು ಗಿಯೆಮಿನ್ 1977ರ ನೊಬೆಲ್ ಹಂಚಿಕೊಂಡರು. ಆ ಆಜ್ಞೆಯನ್ನು ಅಡಗಿಸಿ ಟೆಸ್ಟೋಸ್ಟಿರಾನ್ ತಗ್ಗಿಸುವ ಚುಚ್ಚುಮದ್ದು ಲ್ಯೂಪ್ರೊಲೈಡ್ 1985ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂತು. 2004ರಲ್ಲಿ ಕೀಮೋಥೆರಪಿಯ ಡೊಸೆಟಾಕ್ಸೆಲ್ ಆಯುಷ್ಯ ಹೆಚ್ಚಿಸುತ್ತದೆಂದು ರುಜುವಾತಾಯಿತು, 2011ರಲ್ಲಿ ಅಬಿರಾಟೆರಾನ್, 2012ರಲ್ಲಿ ಎಂಜಾಲ್ಯುಟಮೈಡ್ ಎಂಬ ಹಾರ್ಮೋನ್-ತಡೆ ಔಷಧಗಳು ಬಂದವು. ಅಬಿರಾಟೆರಾನಿನ ಭಾರತೀಯ ಜೆನೆರಿಕ್ ಮಾತ್ರೆಗಳೂ ಇಂದು ಸಿಗುತ್ತವೆ. ಆದರೆ ಇವೆಲ್ಲ ಹಗಿನ್ಸ್ ಹಾಕಿದ ಅಡಿಪಾಯದ ಮೇಲೆ ನಿಂತ ಮಹಡಿಗಳು. ಟೆಸ್ಟೋಸ್ಟಿರಾನ್ ತಗ್ಗಿಸುವುದನ್ನು ಯಾವುದೂ ಕೈಬಿಟ್ಟಿಲ್ಲ. ಮೂರು ತಿಂಗಳಿಗೊಮ್ಮೆ ಸೂಜಿಗಾಗಿ ಸೋಲಾಪುರಕ್ಕೋ ಲಾತೂರಿಗೋ ಹೋಗಬೇಕಾದ ರೋಗಿಗೆ, ಸುಗ್ಗಿಯ ನಡುವೆ ಒಂದು ಸಲ ತಪ್ಪಿದರೂ ಹಾರ್ಮೋನ್ ಮತ್ತೆ ಏರಬಹುದು. ಆದ್ದರಿಂದ ದಾಳಿಂಬದಂಥ ಊರಿನಲ್ಲಿ ವೃಷಣಚ್ಛೇದನವನ್ನು ಹಿಂದುಳಿದ ಚಿಕಿತ್ಸೆ ಎನ್ನುವುದು ತಪ್ಪು ತೀರ್ಪು.

ಗಡಿಯ ತೊಡಕು ಇಲ್ಲೂ ಕಾಲಿಗೆ ಸಿಕ್ಕುತ್ತದೆ. ಕರ್ನಾಟಕ ತನ್ನ ವಾಜಪೇಯಿ ಆರೋಗ್ಯಶ್ರೀಯನ್ನು 2010ರಲ್ಲಿ ಮೊದಲು ಆರಂಭಿಸಿದ್ದು ಕಲಬುರಗಿ ವಿಭಾಗದಲ್ಲೇ. ಗಡಿಯ ಆ ಬದಿಯ ಆಳಂದದ ಬಡವನ ಕ್ಯಾನ್ಸರ್ ಚಿಕಿತ್ಸೆಯ ವೆಚ್ಚ ಅದರಲ್ಲಿ ಸೇರಿತ್ತು. ಅಷ್ಟೇ ಕನ್ನಡ ಮಾತಾಡುವ, ಅಷ್ಟೇ ಬಡವನಾದ ಉಮರಗಾದವನ ಕೈಯಲ್ಲಿ ಮಹಾರಾಷ್ಟ್ರದ ಪಡಿತರ ಚೀಟಿ. ಮಹಾರಾಷ್ಟ್ರ 2012ರಲ್ಲಿ ಆರಂಭಿಸಿದ ರಾಜೀವ ಗಾಂಧಿ ಜೀವನದಾಯಿ ಯೋಜನೆಯೇ ಅವನಿಗೆ ಗತಿಯಾಯಿತು. 2017ರಲ್ಲಿ ಅದು ಮಹಾತ್ಮಾ ಜ್ಯೋತಿಬಾ ಫುಲೆ ಹೆಸರು ಪಡೆಯಿತು. ನೂರು ಕಿಲೋಮೀಟರಿನೊಳಗಿರುವ ಕಲಬುರಗಿ ಹೀಗೆ ಕಾಗದದ ಮೇಲೆ ದೂರವಾಯಿತು.

ಈ ಪ್ರದೇಶದ ಕ್ಯಾನ್ಸರ್ ಚರಿತ್ರೆಯಲ್ಲಿ ಬಾರ್ಶಿಗೆ ದೊಡ್ಡ ಸ್ಥಾನ ಸಲ್ಲಬೇಕು. ಸೋಲಾಪುರ ಜಿಲ್ಲೆಯ ಈ ಪೇಟೆಯ ನರ್ಗಿಸ್ ದತ್ ಸ್ಮಾರಕ ಆಸ್ಪತ್ರೆ, ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದ ನೆರವಿನಿಂದ, 1987ರಲ್ಲಿ ಭಾರತದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಆರಂಭಿಸಿತು. ಬಾರ್ಶಿಯ ಜತೆಗೆ ಆಗಿನ ಉಸ್ಮಾನಾಬಾದ್ ಜಿಲ್ಲೆಯ ಪರಂಡಾ, ಭೂಮ್ ತಾಲೂಕುಗಳು ಅದರಲ್ಲಿದ್ದವು. ಮುಂದೆ ಉಮರಗಾ ಸೇರಿ ಇಡೀ ಜಿಲ್ಲೆಯೂ ನೋಂದಣಿಗೆ ಒಳಪಟ್ಟಿತು. ಈ ಗ್ರಾಮೀಣ ಲೆಕ್ಕದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಪ್ರಮಾಣ ದೆಹಲಿ, ಬೆಂಗಳೂರುಗಳಿಗಿಂತ ಕಡಿಮೆ. ಇದನ್ನು ಓದಿ ಹಳ್ಳಿಯವರಿಗೆ ಈ ರೋಗವಿಲ್ಲವೆಂದು ಸಮಾಧಾನಪಡಬಾರದು. ಈ ಕ್ಯಾನ್ಸರಿನ ಸುಳಿವು ಕೊಡುವ ಪಿಎಸ್‌ಎ ರಕ್ತಪರೀಕ್ಷೆಯೇ ಆಗದ ಕಡೆ ಟೊಂಕದ ನೋವು ವಾತವೆಂದೇ ದಾಖಲಾಗುತ್ತದೆ, ಅಥವಾ ದಾಖಲಾಗುವುದೇ ಇಲ್ಲ.

ಮೂತ್ರಮಾರ್ಗದ ಗಾಯದ ಚರಿತ್ರೆ ಇನ್ನೂ ಕಟುವಾದುದು. ಹೆರಿಗೆಯಲ್ಲಿ ಹರಿದ ಮೂತ್ರಕೋಶವನ್ನು ಬೆಳ್ಳಿತಂತಿಯಿಂದ ಹೊಲಿದು ಹೆಸರಾದ ಅಮೆರಿಕದ ಮೇರಿಯನ್ ಸಿಮ್ಸ್, 1845ರಿಂದ 1849ರವರೆಗೆ ಆ ಕೈಚಳಕ ಕಲಿತದ್ದು ಅನಾರ್ಕಾ, ಲೂಸಿ, ಬೆಟ್ಸಿ ಮೊದಲಾದ ಗುಲಾಮ ಹೆಣ್ಣುಮಕ್ಕಳ ಮೇಲೆ, ಮಂಪರು ಕೊಡದೆ. ಹೈಡೆಲ್‌ಬರ್ಗಿನ ಗುಸ್ತಾಫ್ ಸಿಮೋನ್ 1869ರ ಆಗಸ್ಟ್ 2ರಂದು ಜಗತ್ತಿನ ಮೊದಲ ಯೋಜಿತ ಮೂತ್ರಪಿಂಡಚ್ಛೇದನ ಮಾಡಿದ್ದೂ ಇಂಥ ಗಾಯಕ್ಕಾಗಿಯೇ: ಹಿಂದಿನ ಶಸ್ತ್ರಕ್ರಿಯೆಯಲ್ಲಿ ಕಡಿದುಹೋದ ಯುರೇಟರ್‌ನಿಂದ, ಎಂದರೆ ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಹೋಗುವ ಕೊಳವೆಯಿಂದ, ಆ ಹೆಂಗಸಿಗೆ ಸದಾ ಮೂತ್ರ ಸೋರುತ್ತಿತ್ತು. ಕಡಿದ ಯುರೇಟರನ್ನು ಮೂತ್ರಕೋಶದ ಗೋಡೆಯಿಂದಲೇ ಕೊಳವೆ ಮಾಡಿ ಜೋಡಿಸುವ ಉಪಾಯವನ್ನು ಬೋಆರಿ 1894ರಲ್ಲಿ ನಾಯಿಯ ಮೇಲೆ ಪರೀಕ್ಷಿಸಿದರು. ಇಂದಿಗೂ ಅದು ಬಳಕೆಯಲ್ಲಿದೆ.

ನಮ್ಮ ಸೀಮೆಗೆ ಇದು ದೂರದ ಮಾತಲ್ಲ. ಗರ್ಭಕೋಶ ತೆಗೆಯುವಾಗ ಯುರೇಟರ್ ಗಾಯಗೊಳ್ಳುವ ಅಪಾಯ ಪಠ್ಯಪುಸ್ತಕದಲ್ಲೇ ಇದೆ. ಪಕ್ಕದ ಬೀಡ ಜಿಲ್ಲೆಯಲ್ಲಿ 2019ರಲ್ಲಿ ಸರ್ಕಾರಿ ಸಮಿತಿ ವಿಚಾರಿಸಿದ 82,309 ಕಬ್ಬು ಕಡಿಯುವ ಹೆಂಗಸರಲ್ಲಿ 13,861 ಮಂದಿಯ ಗರ್ಭಕೋಶ ತೆಗೆಯಲಾಗಿತ್ತು. ಬೇಡದ ಶಸ್ತ್ರಕ್ರಿಯೆ ಕಡಿಮೆಯಾದರೆ ಮೂತ್ರಮಾರ್ಗದ ಗಾಯವೂ ಕಡಿಮೆಯಾಗುತ್ತದೆ. ಎಂಟು ಕಡೆ ಶಸ್ತ್ರ ತಗಲಬಾರದೆಂದ ಸುಶ್ರುತನ ಎಚ್ಚರ ಇಲ್ಲಿ ನೆನಪಾಗಬೇಕು.

ಗಂಡಸರ ಮೂತ್ರನಾಳ ಹರಿಯುವುದು ಹೆಚ್ಚಾಗಿ ಸೊಂಟದೆಲುಬು ಮುರಿದಾಗ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪ ಆಗ ಉಮರಗಾ ತಾಲೂಕಿನಲ್ಲಿದ್ದ ಸಾಸ್ತೂರನ್ನೂ ನೆಲಸಮ ಮಾಡಿತು. ದಪ್ಪ ಕಲ್ಲುಗೋಡೆಯ ಮಾಳಿಗೆ ಮನೆಗಳು ಮಲಗಿದ್ದವರ ಮೇಲೆ ಬಿದ್ದು ಸುಮಾರು ಹತ್ತು ಸಾವಿರ ಜನ ಸತ್ತರು. ಹೀಗೆ ಭಾರದಡಿ ಸೊಂಟ ಜಜ್ಜಿದವನಿಗೆ, ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವನಿಗೆ ಮೊದಲ ಚಿಕಿತ್ಸೆ ಒಂದೇ: ಮೂತ್ರದ ಬಾಯಲ್ಲಿ ರಕ್ತ ಕಂಡರೆ ಕೆಳಗಿನಿಂದ ನಳಿಗೆ ತುರುಕದೆ, ಹೊಟ್ಟೆಯ ಕೆಳಭಾಗದಿಂದ ಮೂತ್ರಕೋಶಕ್ಕೆ ನೇರವಾಗಿ ಪೈಪು ಹಾಕುವುದು. ಸುಮಾರು ಮೂರು ತಿಂಗಳು ಕಾದು, ಗಾಯದ ಕಲೆಗಟ್ಟಿದ ತುಂಡನ್ನು ತೆಗೆದು ತುದಿಗಳನ್ನು ಜೋಡಿಸುತ್ತಾರೆ. ಉದ್ದದ ಸಂಕೋಚನವಿದ್ದರೆ ಕೆನ್ನೆಯ ಒಳಪೊರೆಯ ಕಸಿ ಬೇಕು. ಪುಣೆಯ ಸಂಜಯ್ ಕುಲಕರ್ಣಿ 2009ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಮೂತ್ರನಾಳವನ್ನು ಒಂದೇ ಬದಿಯಿಂದ ಬಿಡಿಸಿ, ಇನ್ನೊಂದು ಬದಿಯ ರಕ್ತನಾಳಗಳನ್ನು ಹಾಗೇ ಉಳಿಸುತ್ತಾರೆ. ಜಗತ್ತಿನಾದ್ಯಂತ ಶಸ್ತ್ರವೈದ್ಯರು ಇದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ಆದರೆ ಗುಟಕಾ, ತಂಬಾಕು ಅಗಿದು ಬಾಯಿ ತೆರೆಯಲಾಗದವನ ಕೆನ್ನೆಯಲ್ಲಿ ಕಸಿಗೆ ಯೋಗ್ಯ ಪೊರೆ ಸಿಗುವುದು ಕಷ್ಟ, ಆಗ ನಾಲಗೆಯಡಿಯಿಂದ ತೆಗೆಯಬೇಕಾಗುತ್ತದೆ.

ಈ ಚರಿತ್ರೆಯ ಮೂಲ ಆಕರಗಳು ಪ್ರಬಂಧಗಳಲ್ಲಿಲ್ಲ. ಸೋಲಾಪುರ, ಮಿರಜ, ಬಾರ್ಶಿ, ಕಲಬುರಗಿ, ಹೈದರಾಬಾದುಗಳ ಆಪರೇಶನ್ ಥಿಯೇಟರಿನ ಹಳೆಯ ದಪ್ಪ ರಿಜಿಸ್ಟರುಗಳಲ್ಲಿವೆ. ರೋಗಿಯ ಊರು, ವಯಸ್ಸು, ಮಾಡಿದ ಶಸ್ತ್ರಕ್ರಿಯೆ ಒಂದೊಂದು ಸಾಲಿನಲ್ಲಿ ಅಲ್ಲಿರುತ್ತವೆ. ಅವು ರದ್ದಿಗೆ ಹೋಗುವ ಮೊದಲು ಹೆಸರು ಮರೆಮಾಡಿ ಪ್ರತಿ ಮಾಡಿಸಿಡಬೇಕೆಂದು ಆ ಆಸ್ಪತ್ರೆಗಳ ಆಡಳಿತವನ್ನೂ, ಗಡಿಯ ಎರಡೂ ಬದಿಯ ವಿಶ್ವವಿದ್ಯಾಲಯಗಳನ್ನೂ ಕೇಳಿಕೊಳ್ಳುತ್ತೇನೆ.