ಬಲಪರೀಕ್ಷೆ: ಗುಂಡುಕಲ್ಲು, ಅಖಾಡ, ದಾಳ

ಒಬ್ಬನ ಕಸುವನ್ನು ನಾಲ್ಕು ಜನರ ಕಣ್ಣೆದುರು ಅಳೆಯುವ ಪದ್ಧತಿಯೇ ಬಲಪರೀಕ್ಷೆ. ದಾವಣಗೆರೆ–ಹರಿಹರ ಸೀಮೆಯಲ್ಲಿ ಇದು ಎರಡು ಬಗೆ: ಭಾರ ಎತ್ತುವುದು ಮತ್ತು ಕುಸ್ತಿ. ಗುಂಡುಕಲ್ಲಿನ ಮುಂದೆ ಅದೃಷ್ಟ ನಡೆಯುವುದಿಲ್ಲ. ಕಲ್ಲು ನೆಲ ಬಿಟ್ಟರೆ ಬಿಟ್ಟಿತು, ಇಲ್ಲದಿದ್ದರೆ ಇಲ್ಲ. ಮಾರುಕಟ್ಟೆಯ ಹಮಾಲರ ಲೆಕ್ಕವೂ ಅದೇ. ನಿನ್ನೆ ಕ್ವಿಂಟಲ್ ಚೀಲ ಹೊತ್ತವನು ಇವತ್ತೂ ಹೊರುತ್ತಾನೆ. ಅಖಾಡದಲ್ಲಿ ಮಾತ್ರ ಎದುರಾಳಿಯ ಪಟ್ಟು, ಕಾಲ್ಜಾರು, ದಮ್ಮು ಎಲ್ಲವೂ ಸೇರಿ ಲೆಕ್ಕ ತಪ್ಪಿಸುತ್ತವೆ.

ಹೀಗೆ ಬೇರ್ಪಡಿಸಿ ನೋಡುವುದು ಕನ್ನಡನಾಡಿಗೆ ಹಳೆಯದು. 12ನೇ ಶತಮಾನದ ಮೊದಲರ್ಧದಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ದ ಮಲ್ಲವಿನೋದ ಭಾಗವು ಮಲ್ಲರನ್ನು ಜ್ಯೇಷ್ಠಿಕ, ಅಂತರ್ಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸುತ್ತದೆ. ಮೈಕಟ್ಟು, ಬಲ, ಕೌಶಲ, ದಮ್ಮು ಅಲ್ಲಿ ಬೇರೆ ಬೇರೆ ಗುಣಗಳು. ಭಾರ ಎತ್ತುವ ಸಾಧನೆಗೆ ‘ಭಾರಶ್ರಮ’ ಎಂಬ ಪ್ರತ್ಯೇಕ ಹೆಸರೇ ಇದೆ.

ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯ ಬಯಲು ಕುಸ್ತಿಗೆ ದೂರದ ಪೈಲ್ವಾನರೂ ಬರುತ್ತಾರೆ. ಜೋಡಿ ಕಟ್ಟುವಾಗ ಹಿರಿಯರು ತೂಕಕ್ಕಿಂತ ಹೆಚ್ಚಾಗಿ ಮೈಯನ್ನೂ ನಿಲುವನ್ನೂ ನೋಡುತ್ತಾರೆ. ಜೋಡಿ ಸರಿಯಾಗದಿದ್ದರೆ ಜನ ಸುಮ್ಮನಿರುವುದಿಲ್ಲ. ನಗರದ ವ್ಯಾಯಾಮಶಾಲೆಗಳು ಪವರ್‌ಲಿಫ್ಟಿಂಗ್‌ಗೆ ಹೊರಳಿದ ಮೇಲೆ ಕಲ್ಲಿನ ಜಾಗಕ್ಕೆ ಕಬ್ಬಿಣದ ಬಿಲ್ಲೆಗಳು ಬಂದವು. ಪ್ರತಿ ಎತ್ತುವಿಕೆಗೆ 3 ಅವಕಾಶ, ಮೂವರು ತೀರ್ಪುಗಾರರು, ಇಬ್ಬರು ಬಿಳಿ ದೀಪ ತೋರಿಸಿದರೆ ಪಾಸು.

ಪಾತ್ರ ವಹಿಸಿ ಆಡುವ ಆಟಗಳು ಕಸುವನ್ನು ಅಳೆಯುವುದು ಹೇಗೆಂಬ ಇದೇ ಪ್ರಶ್ನೆಯನ್ನು ದಾಳದಿಂದ ಬಿಡಿಸಲು ಹೋದವು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ತಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ನಲ್ಲಿ ಮೂರು ದಾಳ ಉರುಳಿಸಿ ಪಾತ್ರಕ್ಕೆ 3ರಿಂದ 18ರವರೆಗೆ ಬಲ ಕೊಡುತ್ತಿದ್ದರು. ತಮಾಷೆಯೆಂದರೆ, ಕಚ್ಚಿಕೊಂಡ ಬಾಗಿಲನ್ನು ದೂಡಿ ತೆರೆಯುವಾಗ ಆ ಅಂಕ ಲೆಕ್ಕಕ್ಕೇ ಬರುತ್ತಿರಲಿಲ್ಲ! ಆರು ಮುಖದ ದಾಳದಲ್ಲಿ 1 ಅಥವಾ 2 ಬಿದ್ದರೆ ಬಾಗಿಲು ತೆರೆಯಿತು. ಮರುವರ್ಷದ ‘ಗ್ರೇಹಾಕ್’ ಪುರವಣಿ ಈ ಎಡವಟ್ಟನ್ನು ತಿದ್ದಿತು.

2000ದ ಮೂರನೆಯ ಆವೃತ್ತಿ 20 ಮುಖದ ದಾಳಕ್ಕೆ ಬಲದ ಹೆಚ್ಚುವರಿ ಅಂಕ ಕೂಡಿಸಿತು. ಬಲ 18 ಇದ್ದವನಿಗೆ 4, ಬಲ 10ರವನಿಗೆ ಸೊನ್ನೆ. ಇಬ್ಬರನ್ನೂ ಬರೀ ಬಲದ ಮೇಲೆ ಎದುರುಬದುರು ನಿಲ್ಲಿಸಿದರೆ ಬಡಪಾಯಿ ನೂರಕ್ಕೆ 30 ಸಲ ಗೆಲ್ಲುತ್ತಾನೆ. ಕುಸ್ತಿಗಾದರೆ ಹೇಗೋ ಒಪ್ಪಬಹುದು, ಕಲ್ಲೆತ್ತುವುದಕ್ಕೆ ಈ ಲೆಕ್ಕ ಹಾಸ್ಯಾಸ್ಪದ. ಅವಸರವಿಲ್ಲದ ಕೆಲಸಕ್ಕೆ ದಾಳ ಬಿಟ್ಟು 20 ಬಿದ್ದಂತೆಯೇ ಎಣಿಸಿಕೊಳ್ಳುವ ನಿಯಮವನ್ನೂ ಅದೇ ಆವೃತ್ತಿ ಇಟ್ಟಿತು. 2014ರ ಐದನೆಯ ಆವೃತ್ತಿಯಲ್ಲಿ ಹೊರುವ ಭಾರಕ್ಕೆ ದಾಳವೇ ಇಲ್ಲ: ಬಲದ ಅಂಕವನ್ನು 15ರಿಂದ ಗುಣಿಸಿದಷ್ಟು ಪೌಂಡ್. ಹಿಡಿದು ಸೆಣಸುವಾಗ ಮಾತ್ರ ದಾಳ ಉಳಿಯಿತು. ಅಲ್ಲಿ ಪಳಗಿದವನಿಗೆ ಬಲದ ಹೆಚ್ಚುವರಿ ಅಂಕದ ಜೊತೆಗೆ ಮೊದಲ ಹಂತದಲ್ಲಿ 2, 17ನೇ ಹಂತದಿಂದ 6 ಸಿಗುತ್ತದೆ.